ಬಾವಲಿಯ ಊಟ

ಮುರ್ಡೇಶ್ವರದ ಸುತ್ತಿನ ತೆಂಗು, ಅಡಿಕೆಯ ತೋಟಗಳ ಮೇಲೆ ಸಂಜೆಗತ್ತಲಲ್ಲಿ ಹಾರಿಬರುವ ದೊಡ್ಡ ಬಾವಲಿಯು ಹಕ್ಕಿಯಲ್ಲ; ಮರಿಗೆ ಹಾಲೂಡುವ ಸಸ್ತನಿ. ಬಿಚ್ಚಿದ ಅದರ ರೆಕ್ಕೆಗಳ ಅಗಲ ಒಂದು ಮೀಟರಿಗೂ ಹೆಚ್ಚು. ಹಗಲೆಲ್ಲ ಆಲ, ಹುಣಿಸೆಯಂತಹ ಹೆಮ್ಮರಗಳಲ್ಲಿ ತಲೆಕೆಳಗಾಗಿ ತೂಗುವ ಈ ಪ್ರಾಣಿ ಇರುಳಿನಲ್ಲಿ ಕಣ್ಣು, ಮೂಗುಗಳ ನೆರವಿನಿಂದ ಆಹಾರವನ್ನು ಅರಸುತ್ತದೆ.

ಋತು ಬದಲಾದಂತೆ ಅದರ ಊಟವೂ ಬದಲಾಗುತ್ತದೆ. ಚಳಿಗಾಲ ಕಳೆಯುವಾಗ ಬೂರುಗದ ಹೂವಿನ ಮಕರಂದ. ಬೇಸಗೆಯಲ್ಲಿ ಗೇರುಹಣ್ಣು, ಮಾವು. ಮಳೆ ಹಿಡಿಯುವ ಹೊತ್ತಿಗೆ ನೇರಳೆ. ಇವು ಮುಗಿದಾಗ ಆಲ, ಅತ್ತಿಗಳೇ ಆಸರೆ. ಏಕೆಂದರೆ ಆ ಮರಗಳೆಲ್ಲ ಒಮ್ಮೆಗೇ ಹಣ್ಣು ಬಿಡುವುದಿಲ್ಲ. ಒಂದು ಬರಿದಾದಾಗ ಇನ್ನೊಂದು ತುಂಬಿರುತ್ತದೆ. ಹಣ್ಣಿನಲ್ಲಿ ಸಸಾರಜನಕ ಕಡಿಮೆ. ಆದುದರಿಂದ ಬಾವಲಿಯು ಎಲೆಗಳನ್ನೂ ಅಗಿದು, ರಸವನ್ನು ನುಂಗಿ, ಸಿಪ್ಪೆಯನ್ನು ಉಗುಳುತ್ತದೆ. ಅಮೆರಿಕದ ಉಷ್ಣವಲಯದ ಕೆಲವು ಬಾವಲಿಗಳಾದರೋ ಹಣ್ಣು, ಮಕರಂದಗಳೊಡನೆ ಕೀಟಗಳನ್ನೂ ತಿಂದು ಈ ಕೊರತೆಯನ್ನು ನೀಗಿಕೊಳ್ಳುತ್ತವೆ.

ಮಾವು ಮಾಗುವಾಗ ಬಾವಲಿಯಿಂದ ತೋಟಗಾರನಿಗೆ ನಷ್ಟವುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಹಣ್ಣುಬಾವಲಿಗಳನ್ನು ಉಪದ್ರವಕಾರಿ ಪ್ರಾಣಿಗಳ ಪಟ್ಟಿಗೆ ಸೇರಿಸಿತ್ತು. ಅವುಗಳನ್ನು ಕೊಲ್ಲಲು ಅಡ್ಡಿಯಿರಲಿಲ್ಲ. 2022ರ ತಿದ್ದುಪಡಿಯಿಂದ ಆ ಪಟ್ಟಿಯೇ ರದ್ದಾಯಿತು.

ಈ ಬದಲಾವಣೆ ಉಚಿತವಾದುದೇ ಸರಿ. ಮಾವಿನ ನಷ್ಟ ಕೆಲವೇ ವಾರಗಳದು. ಬಾವಲಿಯ ಉಪಕಾರ ವರ್ಷವಿಡೀ ನಡೆಯುವಂಥದು. ಮಕರಂದ ಹೀರುವಾಗ ಅದರ ಮೈಗಂಟಿದ ಪರಾಗ ಮುಂದಿನ ಹೂವನ್ನು ಸೇರುತ್ತದೆ. ಅದು ನುಂಗಿದ ಅತ್ತಿಯ ಬೀಜಗಳು ಹಿಕ್ಕೆಯೊಡನೆ ದೂರದಲ್ಲಿ ಬಿದ್ದು ಮೊಳೆಯುತ್ತವೆ. ದೊಡ್ಡ ಬಾವಲಿ ಈಯುವುದು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ. ಆದುದರಿಂದ ಅವುಗಳ ನೆಲೆಯಾದ ಒಂದು ಹಳೆಯ ಆಲವನ್ನು ಕಡಿದರೆ ಆಗುವ ಹಾನಿ ಬೇಗನೆ ತುಂಬುವುದಿಲ್ಲ. ಬಾವಲಿ ಇಲ್ಲದ ಕಾಡು ತನ್ನ ಬಿತ್ತನೆಗಾರನನ್ನು ಕಳೆದುಕೊಂಡಂತೆ.