ಡೀಸೆಲ್ ಕೆಳಗಿನ ನೀರು

ಗೋವಿನಜೋಳದ ರಾಶಿ ಮುಗಿದ ಮೇಲೆ ರಟ್ಟೀಹಳ್ಳಿ ಸೀಮೆಯ ಹಳೆಯ ಟ್ರ್ಯಾಕ್ಟರುಗಳಿಗೆ ಬಿಡುವು. ಅರ್ಧ ಡೀಸೆಲ್ ಉಳಿದ ಟ್ಯಾಂಕು ಹಿತ್ತಲಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಮುಂಗಾರಿಗೆ ರಂಟೆ ಹೂಡಿದರೆ ಹೊಲದ ನಡುವೆ ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲವೆಂಬಂತೆ ಓಡಿ, ಎರಡು ಸಾಲು ಕಳೆದು ಮತ್ತೆ ನಿಲ್ಲುತ್ತದೆ. ಇದು ಬಹಳ ಸಲ ತುಕ್ಕಿನದೇ ಕೆಲಸ. ಡೀಸೆಲ್ ಹರಿಯುವಾಗ ತುಕ್ಕಿನ ಹಕ್ಕಳೆಗಳು ಟ್ಯಾಂಕಿನ ತೂತಿಗೆ ಬಂದು ಅಂಟುತ್ತವೆ. ಎಂಜಿನ್ ನಿಂತಾಗ ಕಳಚಿ ತಳಕ್ಕೆ ಬೀಳುತ್ತವೆ.

ಡೀಸೆಲ್ ಕಬ್ಬಿಣವನ್ನು ತಿನ್ನುವುದಿಲ್ಲ, ತಿನ್ನುವುದು ನೀರು. ನೀರು ಡೀಸೆಲ್‌ಗಿಂತ ಭಾರ, ಹಾಗಾಗಿ ತಳಕ್ಕಿಳಿಯುತ್ತದೆ. ಮೇಲೆ ಡೀಸೆಲ್ ಮುಚ್ಚಿಕೊಂಡಿರುವುದರಿಂದ ಆರಿಹೋಗುವ ದಾರಿಯೂ ಇಲ್ಲ. ರಾತ್ರಿಯ ತಂಪಿಗೆ ಟ್ಯಾಂಕಿನೊಳಗಿನ ಗಾಳಿ ಬೆವರುತ್ತದೆ ಅನ್ನುವುದು ನಿಜ. ಆದರೆ ಲೆಕ್ಕ ಹಾಕಿ ನೋಡಿ: 20 ಲೀಟರ್ ತೇವಭರಿತ ಗಾಳಿ 25 ಡಿಗ್ರಿಯಿಂದ 15ಕ್ಕೆ ಇಳಿದರೆ ಸಿಗುವ ನೀರು ನಾಲ್ಕೇ ಹನಿ. ಮುಚ್ಚಳದ ಸವೆದ ರಬ್ಬರಿನಿಂದ ಇಳಿಯುವ ಮಳೆನೀರು, ಕ್ಯಾನಿನ ತಳದಲ್ಲಿ ಉಳಿದ ನೀರು ಇದಕ್ಕಿಂತ ಎಷ್ಟೋ ಹೆಚ್ಚು. ಮೊದಲು ಮುಚ್ಚಳ ನೋಡಿ.

ಎಂಜಿನ್ನಿಗೆ ಡೀಸೆಲ್ ಒತ್ತುವ ಪಂಪಿನ ಪ್ಲಂಜರಿಗೂ ಅದರ ಕೊಳವೆಗೂ ನಡುವಿನ ಸಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ಎರಡು ಮೂರು ಭಾಗವಷ್ಟೆ. ಫಿಲ್ಟರ್ ತಪ್ಪಿಸಿ ಬಂದ ತುಕ್ಕಿನ ಪುಡಿ ಅಲ್ಲಿ ಗೀರು ಹಾಕಿದರೆ ಪಂಪೇ ಹೋಯಿತು. 1971ರಿಂದ ಪಿಂಜೋರಿನಲ್ಲಿ ಜೆಕೊಸ್ಲೊವಾಕಿಯಾದ ಜೀಟರ್ ತಂತ್ರಜ್ಞಾನದಲ್ಲಿ ತಯಾರಾದ ಎಚ್‌ಎಂಟಿ ಟ್ರ್ಯಾಕ್ಟರು ಇನ್ನೂ ಕೆಲವರ ಮನೆಯಲ್ಲಿದೆ. ಆ ಕಾರ್ಖಾನೆ ಈಗಿಲ್ಲ. ಹಾಗಾಗಿ ಇದ್ದ ಟ್ಯಾಂಕನ್ನು ಉಳಿಸಿಕೊಳ್ಳುವುದೇ ಜಾಣತನ.

ಟ್ಯಾಂಕು ಇಳಿಸಿ, ಬಿಸಿನೀರು, ಸೋಪಿನ ಪುಡಿ ಹಾಕಿ ಡೀಸೆಲ್ ಜಿಡ್ಡು ತೆಗೆಯಿರಿ. ಜಿಡ್ಡಿದ್ದರೆ ಮುಂದೆ ಹಾಕುವ ಹುಳಿ ತುಕ್ಕಿಗೆ ತಾಗುವುದೇ ಇಲ್ಲ. ಆಮೇಲೆ ಒಳಗೆ ಸಣ್ಣ ಸರಪಳಿ ಬಿಟ್ಟು ಕುಲುಕಿ. ನಟ್ಟು ಬೋಲ್ಟು ಹಾಕಿದರೆ ಒಂದಾದರೂ ಒಳಗೇ ಉಳಿಯುತ್ತದೆ. ಸರಪಳಿ ಒಂದೇ ಎಳೆತಕ್ಕೆ ಹೊರಗೆ ಬರುತ್ತದೆ. ನಂತರ 10 ಲೀಟರ್ ನೀರಿಗೆ ಅರ್ಧ ಕಿಲೋ ಸಿಟ್ರಿಕ್ ಆಮ್ಲ, ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಕರಗಿಸಿ ತುಂಬಿ ಒಂದು ರಾತ್ರಿ ಬಿಡಿ. ತಾಮ್ರದ ತಂಬಿಗೆಗೆ ಹುಣಸೆಹಣ್ಣು ಮಾಡುವ ಕೆಲಸವನ್ನೇ ಇದು ಇಲ್ಲಿ ಮಾಡುತ್ತದೆ: ಆಕ್ಸೈಡನ್ನು ಕರಗಿಸಿ ನೀರಿಗೆ ತರುತ್ತದೆ. ಬಚ್ಚಲು ತೊಳೆಯುವ ಆಸಿಡ್ ಬೇಡವೇ ಬೇಡ. ಅದು ತುಕ್ಕಿನ ಜೊತೆ ಒಳ್ಳೆಯ ಕಬ್ಬಿಣವನ್ನೂ ತಿಂದು ಹೈಡ್ರೋಜನ್ ಬಿಡುತ್ತದೆ. ತೂತಾದ ಟ್ಯಾಂಕನ್ನು ಖಾಲಿಯಿದೆಯೆಂದು ನೇರವಾಗಿ ವೆಲ್ಡಿಂಗಿಗೆ ಒಡ್ಡಲೂಬಾರದು. ಒಳಗುಳಿದ ಡೀಸೆಲ್ ಆವಿ ಸಿಡಿದರೆ ಎದುರಿಗಿದ್ದವರ ಜೀವಕ್ಕೇ ಕುತ್ತು.

ಬೆಳಿಗ್ಗೆ ಹುಳಿನೀರು ಚೆಲ್ಲಿ, ವಾಷಿಂಗ್ ಸೋಡಾ ನೀರಿನಲ್ಲಿ ತೊಳೆದು, ತಡಮಾಡದೆ ಬಿಸಿಲಿಗಿಡಿ. ಹೊಸದಾಗಿ ಬಯಲಾದ ಕಬ್ಬಿಣ ಒದ್ದೆಯಾಗಿದ್ದರೆ ನೋಡನೋಡುತ್ತಲೇ ಕೆಂಪಾಗುತ್ತದೆ. ಆರಿದ ತಕ್ಷಣ ಒಂದು ಲೀಟರ್ ಡೀಸೆಲ್ ಹಾಕಿ ಎಲ್ಲ ಮೂಲೆಗೂ ಹರಿಸಿ ಚೆಲ್ಲಿ. ಟ್ಯಾಂಕು ಮತ್ತೆ ಕೂರಿಸಿ, ಹೊಸ ಫಿಲ್ಟರ್ ಹಾಕಿ ಏರ್ ತೆಗೆಯಿರಿ. ಸಡಿಲಾದ ಪುಡಿ ಇನ್ನೂ ಸ್ವಲ್ಪ ದಿನ ಬರುತ್ತಿರುತ್ತದೆ, ಆದ್ದರಿಂದ ಬಿತ್ತನೆ ಮುಗಿದ ಮೇಲೆ ಆ ಫಿಲ್ಟರನ್ನೂ ಬದಲಿಸಿ.