ಅಮೆರಿಕದ ಕ್ಯಾಸೆಟ್ಟಿಗೆ ಗಲ್ಫಿನ ಡೆಕ್ಕು

ಕಾಸರಗೋಡಿನ ಹಳ್ಳಿಗಳಲ್ಲಿ ವಿಸಿಆರ್ ಎಂದರೆ ಗಲ್ಫಿನ ಸಾಮಾನು. ತಂದವರು ಊರಿಗೆ ಮರಳಿ ಮೊಮ್ಮಕ್ಕಳನ್ನೂ ಕಂಡಾಯಿತು. ಡೆಕ್ಕು ಮಾತ್ರ ಅಟ್ಟದಲ್ಲಿ ಧೂಳು ತಿನ್ನುತ್ತಿದೆ. ಬದಿಯಡ್ಕದ ಕಡೆಯ ಅಂಥದೊಂದು ಡೆಕ್ಕು ನಮ್ಮ ಮನೆಗೆ ಮಾಡಿದ ಉಪಕಾರವನ್ನು ಇಲ್ಲಿ ಹೇಳಬೇಕು.

1995ರಲ್ಲಿ ಅಕ್ಕನ ಬಾಣಂತನಕ್ಕೆಂದು ಅಮ್ಮ ಅಮೆರಿಕಕ್ಕೆ ಹೊರಟಾಗ ಅಪ್ಪನೂ ಜೊತೆಗೆ ಹೋಗಿದ್ದರು. ಅಲ್ಲಿ ಒಂದು ಭಾನುವಾರ ನಾಲ್ಕೈದು ಕನ್ನಡ ಕುಟುಂಬಗಳು ಅಕ್ಕನ ಮನೆಯಲ್ಲಿ ಸೇರಿ ‘ಕೃಷ್ಣ ಸಂಧಾನ’ ತಾಳಮದ್ದಳೆ ನಡೆಸಿದವು. ಭಾಗವತರೂ ಇಲ್ಲ, ಮದ್ದಳೆಯೂ ಇಲ್ಲ. ಪದ್ಯಕ್ಕೆ ಟೇಪ್ ರೆಕಾರ್ಡರೇ ಗತಿ. ಆದರೂ ಅಪ್ಪನ ಕೌರವ ಒಂದೂವರೆ ಗಂಟೆ ಮಾತಾಡಿದನಂತೆ! ಭಾವ ಅದನ್ನು ಕ್ಯಾಮೆರಾದಲ್ಲಿ ಹಿಡಿದು, ವಿಎಚ್‌ಎಸ್ ಕ್ಯಾಸೆಟ್ಟಿಗೆ ಇಳಿಸಿ ಕಳುಹಿಸಿದ್ದರು. ಮೂಲ ಟೇಪು ಅವರು ಮನೆ ಬದಲಾಯಿಸುವಾಗ ಕಳೆದುಹೋಯಿತು. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಯಿತು. ಊರಿನ ಎಷ್ಟೋ ಕೂಟಗಳಲ್ಲಿ ಅರ್ಥ ಹೇಳಿದವರ ಧ್ವನಿ ನಮ್ಮಲ್ಲಿ ಉಳಿದಿರುವುದು ಆ ಒಂದೇ ಕ್ಯಾಸೆಟ್ಟಿನಲ್ಲಿ.

ಅದನ್ನು ನಾವ್ಯಾರೂ ನೋಡಿರಲಿಲ್ಲ ಎಂದರೆ ನಂಬುತ್ತೀರಾ? ಬಂದ ವರ್ಷವೇ ಪರಿಚಯದವರ ಮನೆಯ ವಿಸಿಆರ್‌ಗೆ ಹಾಕಿದ್ದೆವು. ಬಣ್ಣವಿಲ್ಲದ ಚಿತ್ರ ಮೇಲಿಂದ ಕೆಳಕ್ಕೆ ಉರುಳಿತು, ಮಾತು ಅರ್ಥವಾಗಲಿಲ್ಲ. ದಾರಿಯಲ್ಲಿ ಹಾಳಾಗಿರಬೇಕು ಎಂದುಕೊಂಡು ಕಪಾಟಿನಲ್ಲಿಟ್ಟೆವು. ಎರಡು ವರ್ಷದ ಹಿಂದೆ ಪೇಟೆಯ ಒಂದು ಅಂಗಡಿಯಲ್ಲಿ ಡಿವಿಡಿ ಮಾಡಿಕೊಡಿ ಎಂದು ಕೇಳಿದಾಗಲೂ ಅದೇ ಉತ್ತರ: ‘ಇದ್ರಲ್ಲಿ ಎಂತದೂ ಇಲ್ಲ ಮಾಷ್ಟ್ರೆ, ಬಿಸಾಡಿ.’

ಕ್ಯಾಸೆಟ್ಟಿಗೆ ಏನೂ ಆಗಿರಲಿಲ್ಲ. ಅದು ಆಡುತ್ತಿದ್ದ ಭಾಷೆ ಬೇರೆ, ಅಷ್ಟೆ. ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಆವರ್ತನದ್ದು, ನಮ್ಮದು 50. ಆರಂಭಕಾಲದ ಟಿವಿಯವರು ಚಿತ್ರದ ಓಟವನ್ನು ಆಯಾ ದೇಶದ ವಿದ್ಯುತ್ತಿನ ಲೆಕ್ಕಕ್ಕೆ ಹೊಂದಿಸಿದರು. ಹೀಗಾಗಿ ಅಲ್ಲಿನ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ 525 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ. ನಮ್ಮ ಪಾಲ್ ಪದ್ಧತಿಯಲ್ಲಿ 625 ಗೆರೆ, 25 ಚಿತ್ರ. ಬಣ್ಣ ಕೂಡಿಸುವ ಕ್ರಮವೂ ಬೇರೆ. ಆದರೆ ಕ್ಯಾಸೆಟ್ಟಿನ ಪೆಟ್ಟಿಗೆ ಎರಡೂ ಕಡೆ ಒಂದೇ ಅಳತೆಯದ್ದು. ಸಲೀಸಾಗಿ ಡೆಕ್ಕಿನೊಳಗೆ ಹೋಗಿ ಕೂರುತ್ತದೆ. ಮೋಸ ಹೋಗುವುದು ಅಲ್ಲಿಯೇ.

ಎರಡನ್ನೂ ಬಲ್ಲ ಡೆಕ್ಕು ಬೇಕೆಂದರೆ ಹೊಸದು ಸಿಗದು. ವಿಸಿಆರ್ ತಯಾರಿಸುತ್ತಿದ್ದವರಲ್ಲಿ ಕೊನೆಯವರಾದ ಜಪಾನಿನ ಫುನಾಯ್ ಕಂಪನಿಯವರು 2016ರ ಜುಲೈಯಲ್ಲಿ ಕೈಬಿಟ್ಟರು. ಅಮೆರಿಕದಿಂದಲೇ ಹಳೆಯದನ್ನು ತರಿಸೋಣವೆಂದರೆ ಅದಕ್ಕೆ 120 ವೋಲ್ಟ್ ಬೇಕು, ನಮ್ಮ 230ಕ್ಕೆ ನೇರ ಕೊಟ್ಟರೆ ಸುಟ್ಟುಹೋಗುತ್ತದೆ. ಆಗ ನೆನಪಾದದ್ದು ಸೌದಿಯಲ್ಲಿ ದುಡಿದು ಬಂದ ನೆರೆಮನೆಯ ಹಾಜಿಯವರು. ಸೌದಿಯಲ್ಲಿ ಆಗ ಇದ್ದದ್ದು ಫ್ರಾನ್ಸಿನ ಸೆಕಾಮ್ ಪದ್ಧತಿ, ಸುತ್ತಲ ಎಮಿರೇಟುಗಳಲ್ಲಿ ಪಾಲ್. ಅಲ್ಲಿಗೆ ದುಡಿಯಲು ಬರುವ ಫಿಲಿಪ್ಪೀನಿನವರ ಊರಲ್ಲಿ ಎನ್‌ಟಿಎಸ್‌ಸಿ. ಆದ್ದರಿಂದಲೇ ಗಲ್ಫಿನ ಅಂಗಡಿಗಳಲ್ಲಿ ಮೂರೂ ಪದ್ಧತಿಯ ಡೆಕ್ಕು ಧಾರಾಳವಾಗಿ ಸಿಗುತ್ತಿತ್ತು. ‘ಅಟ್ಟದಲ್ಲಿ ಉಂಟು, ತಕ್ಕೊಂಡು ಹೋಗಿ ಮಾಷ್ಟ್ರೆ. ಮಕ್ಕಳಿಗೆ ಅದು ಗುಜರಿ’ ಎಂದು ನಕ್ಕರು ಹಾಜಿಯವರು.

ರೇಡಿಯೋ ರಿಪೇರಿಯವರು ಅದರ ರಬ್ಬರ್ ಬೆಲ್ಟು ಬದಲಿಸಿ, ಹೆಡ್ ಒರೆಸಿ 400 ರೂಪಾಯಿ ಪಡೆದರು. ಚಿತ್ರವನ್ನು ಕಂಪ್ಯೂಟರಿಗೆ ಹಿಡಿದುಕೊಡುವ ಯುಎಸ್‌ಬಿ ಕಡ್ಡಿಗೆ 1,100. ಖಾಲಿ ಡಿವಿಡಿ ಹತ್ತಕ್ಕೆ 200. ಅಲ್ಲಿಗೆ 1,700 ರೂಪಾಯಿ; ತಂತ್ರಾಂಶ ಉಚಿತದ್ದೇ.

ಕ್ಯಾಸೆಟ್ಟು ಹಾಕುವ ಮುಂಚೆ ಒಂದು ಮಾತು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಟೇಪಿನ ಅಂಚಿಗೆ ಬಿಳಿ ಬೂಷ್ಟು ಬರುತ್ತದೆ. ಮುಚ್ಚಳದ ಕಿಂಡಿಯಲ್ಲಿ ಇಣುಕಿದರೆ ಕಾಣುತ್ತದೆ. ಹಾಗೆಯೇ ಓಡಿಸಿದರೆ ಹೆಡ್ಡೂ ಕೆಡುತ್ತದೆ, ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ. ಬಿಸಿಲಿಗಿಡಬೇಡಿ, ಅಕ್ಕನ ಮಗ ಹೇಳಿದಂತೆ ಹೇರ್ ಡ್ರೈಯರನ್ನೂ ಹಿಡಿಯಬೇಡಿ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಡಬ್ಬದಲ್ಲಿ ಮುಚ್ಚಿಟ್ಟು ಒಣಗಿಸಿ. ಬೂಷ್ಟು ಜಾಸ್ತಿಯಿದ್ದರೆ ತಿಳಿದವರ ಕೈಗೆ ಕೊಡಿ. ದೇವರ ದಯೆ, ನಮ್ಮದರಲ್ಲಿ ಇರಲಿಲ್ಲ. ಹಿಂಬದಿಯ ಚಿಕ್ಕ ಪ್ಲಾಸ್ಟಿಕ್ ನಾಲಿಗೆಯನ್ನು ಮುರಿದುಬಿಟ್ಟೆ. ಅದು ಇದ್ದರೆ ಅಪ್ಪಿತಪ್ಪಿ ಗುಂಡಿ ಒತ್ತಿದಾಗ ಕೌರವನ ಮೇಲೆಯೇ ಬೇರೇನಾದರೂ ಮುದ್ರಣವಾದೀತು.

ಹಳದಿ ವಯರು ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಧ್ವನಿಗೆ. ಡೆಕ್ಕಿನ ಸ್ವಿಚ್ಚನ್ನು ಎನ್‌ಟಿಎಸ್‌ಸಿಗೆ ತಿರುಗಿಸಿ, ಕಂಪ್ಯೂಟರಿನಲ್ಲಿ ವರ್ಚುವಲ್‌ಡಬ್ ತೆರೆದೆ. ಚಿತ್ರ ನಿಂತಿತು! ಆದರೆ ಕಪ್ಪು ಬಿಳುಪು. ಎರಡು ರಾತ್ರಿ ತಲೆ ಕೆಡಿಸಿಕೊಂಡ ಮೇಲೆ ಗುಟ್ಟು ತಿಳಿಯಿತು. ಗಲ್ಫಿನ ಡೆಕ್ಕುಗಳಲ್ಲಿ ಹಲವು ಅಮೆರಿಕದ ಕ್ಯಾಸೆಟ್ಟಿನ ಬಣ್ಣವನ್ನು ಅಲ್ಲಿನ 3.58ರ ಬದಲು ಪಾಲ್ ಪದ್ಧತಿಯ 4.43 ಮೆಗಾಹರ್ಟ್ಸಿನಲ್ಲಿ ಹೊರಗೆ ಬಿಡುತ್ತವೆ. ತಂತ್ರಾಂಶದ ಪಟ್ಟಿಯಲ್ಲಿ ‘ಎನ್‌ಟಿಎಸ್‌ಸಿ 433’ ಆರಿಸಿದೆ. ಅಪ್ಪನ ಶಾಲಿನ ಅಂಚು ಕೆಂಪಾಯಿತು. ನಿಮ್ಮಲ್ಲಿ ಅದಕ್ಕೂ ಬಣ್ಣ ಬಾರದಿದ್ದರೆ ‘ಪಾಲ್ 60’ ಆರಿಸಿ ನೋಡಿ.

ಇಲ್ಲಿ ಅವಸರ ನಡೆಯದು. ಎರಡು ಗಂಟೆಯ ಟೇಪಿಗೆ ಎರಡು ಗಂಟೆಯೇ ಬೇಕು. ಡಿವಿಡಿಗೆ ಇಳಿಸುವಾಗಲೂ ಎನ್‌ಟಿಎಸ್‌ಸಿಯ 720×480 ಅಳತೆಯನ್ನೇ ಇಟ್ಟುಕೊಂಡೆ. ಪಾಲ್‌ಗೆ ಬದಲಾಯಿಸಿದರೆ ಓಟ ಮುಗ್ಗರಿಸುತ್ತದೆ. ಇಲ್ಲಿನ ಡಿವಿಡಿ ಪ್ಲೇಯರುಗಳಲ್ಲಿ ಹೆಚ್ಚಿನವು ಎರಡನ್ನೂ ಓದುತ್ತವೆ. 4.7 ಜಿಬಿಯ ಒಂದು ಡಿಸ್ಕಿಗೆ ಎರಡು ಗಂಟೆ ಸಾಕು, ಅದಕ್ಕಿಂತ ತುರುಕಬಾರದು. ಮನೆಯಲ್ಲಿ ಬರೆದ ಡಿಸ್ಕನ್ನೂ ಪೂರ್ತಿ ನಂಬುವಂತಿಲ್ಲವಾದ್ದರಿಂದ ಕಡತದ ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿದೆ, ಇನ್ನೊಂದು ಅಕ್ಕನ ಬಳಿ.

ಅಮ್ಮ ಕನ್ನಡಕ ಹಾಕಿಕೊಂಡು ಕೂತು ನೋಡಿದರು. ಅಪ್ಪನ ಮಾತಿನ ನಡುವೆ ಅಡುಗೆಮನೆಯಿಂದ ಅವರದ್ದೇ ದನಿ ಬಂತು: ಕಾಫಿ ಆಯಿತು, ಸಾಕು ಮಾಡಿ ಅಂತ. ಅಪ್ಪ ನಿಲ್ಲಿಸಲಿಲ್ಲ. ‘ಆಗಲೂ ಹಾಗೆಯೇ’ ಎಂದರು ಅಮ್ಮ.

ಡೆಕ್ಕು ಹಿಂದಿರುಗಿಸಲು ಹೋದರೆ ಹಾಜಿಯವರು ತಮ್ಮ ಮಗಳ ಮದುವೆಯ ಕ್ಯಾಸೆಟ್ಟು ಎರಡನ್ನು ಕೈಗಿತ್ತರು. ಡೆಕ್ಕು ಈಗಲೂ ನಮ್ಮಲ್ಲೇ ಇದೆ.