ನೇತ್ರಾಣಿಯ ಕಡಲಸಂಪತ್ತೂ ತೀರದ ರೈತರ ಹೊಣೆಯೂ

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿನ ಮುರ್ಡೇಶ್ವರವು ಬಹುಕಾಲದಿಂದ ಯಾತ್ರಾಸ್ಥಳವೆಂದು ಹೆಸರಾದುದು. ಈಚೆಗೆ ದೇವರ ದರ್ಶನಕ್ಕಾಗಿ ಬರುವವರಲ್ಲದೆ, ಕಡಲಿನಲ್ಲಿ ಮುಳುಗಿ ಅಲ್ಲಿಯ ಜೀವಿಗಳನ್ನು ಕಣ್ಣಾರೆ ನೋಡಬೇಕೆಂದು ಬರುವವರೂ ಹೆಚ್ಚಾಗಿರುವರು. ಇವರು ಹೋಗುವುದು ದಡದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪಕ್ಕೆ. ಮಳೆಗಾಲದಲ್ಲಿ ಕಡಲು ಕೆರಳುವುದರಿಂದ ಈ ವಿಹಾರವು ನಿಂತು, ನೀರು ತಿಳಿಯಾದ ಮೇಲೆ ಪುನಃ ಆರಂಭವಾಗುವುದು. ದೋಣಿಯವರಿಗೂ, ವಸತಿಗೃಹದವರಿಗೂ, ಎಳನೀರು ಮಾರುವ ತೋಟದವರಿಗೂ ಇದರಿಂದ ಆದಾಯವುಂಟು. ಈ ಆದಾಯದ ಬೇರು ನೀರಿನೊಳಗಿನ ಹವಳದಲ್ಲಿರುವುದೆಂಬುದನ್ನು ಎಲ್ಲರೂ ಅರಿಯತಕ್ಕದ್ದು.

ಹವಳವೆಂದರೇನು?

ಹವಳವು ನೋಡುವುದಕ್ಕೆ ಕಲ್ಲಿನಂತೆಯೂ ಗಿಡದಂತೆಯೂ ಇದ್ದರೂ ವಾಸ್ತವವಾಗಿ ಪ್ರಾಣಿಗಳ ಸಮೂಹ. ಒಂದೊಂದು ಪ್ರಾಣಿಯೂ ಅತಿ ಸಣ್ಣದು. ಇವು ಸಮುದ್ರದ ನೀರಿನಿಂದ ಸುಣ್ಣವನ್ನು ಹೀರಿ ತಮಗೆ ಗೂಡು ಕಟ್ಟಿಕೊಳ್ಳುವುವು. ಇವುಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯು ವಾಸಿಸುವುದು. ಪೈರಿನ ಎಲೆಯಂತೆಯೇ ಈ ಪಾಚಿಯೂ ಬಿಸಿಲಿನ ಬಲದಿಂದ ಆಹಾರವನ್ನು ತಯಾರಿಸಿ ಹವಳಕ್ಕೆ ಕೊಡುವುದು. ಆದುದರಿಂದ ನೀರು ತಿಳಿಯಾಗಿದ್ದು ಬಿಸಿಲು ಒಳಗಿಳಿಯುವಲ್ಲಿ ಮಾತ್ರ ಇಂಥ ಹವಳವು ಏಳಿಗೆ ಹೊಂದುವುದು. ನೀರಿನ ಶಾಖವು ವಾಡಿಕೆಯ ಬೇಸಗೆಗಿಂತ ಕೇವಲ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ನಿಂತರೂ ಪಾಚಿಯು ಹೊರಬಿದ್ದು ಹವಳವು ಬಿಳಿಚಿಕೊಳ್ಳುವುದು. 1998ರಲ್ಲಿ ಲೋಕದ ಅನೇಕ ಸಮುದ್ರಗಳಲ್ಲಿ ಹೀಗಾಯಿತು. ಗುಂಡಾಗಿ ಬೆಳೆಯುವ ಹವಳಗಳು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರಿನಷ್ಟು ಮಾತ್ರ ಬೆಳೆಯುವುದರಿಂದ, ಒಂದು ಲಂಗರು ಕ್ಷಣದಲ್ಲಿ ಮುರಿದದ್ದು ಮತ್ತೆ ಬೆಳೆಯಲು ಒಂದು ತಲೆಮಾರು ಬೇಕಾದೀತು.

ಮೀನುಗಳ ಉಪಕಾರ

ಹವಳದ ನಡುವೆ ಗಿಣಿಮೀನು, ಚಿಟ್ಟೆಮೀನು ಮುಂತಾದ ಬಣ್ಣದ ಮೀನುಗಳಿರುವುವು. ಗಿಣಿಮೀನು ತನ್ನ ಗಟ್ಟಿಯಾದ ಕೊಕ್ಕಿನಿಂದ ಕಲ್ಲಿನ ಮೇಲಿನ ಪಾಚಿಯನ್ನು ಕೆರೆದು ತಿನ್ನುವುದು. ಇದು ಹೊಲದ ಕಳೆ ತೆಗೆದಂತೆಯೇ ಸರಿ. ಕಳೆಯು ಹೋದಲ್ಲಿ ಎಳೆಯ ಹವಳವು ನೆಲೆಯೂರುವುದು. ಬಂಡೆಗಳ ಸಂದಿನಲ್ಲಿರುವ ಮುರು ಮೀನಿನ ವಿಚಾರವು ಮತ್ತಷ್ಟು ವಿಶೇಷವಾದುದು. ಈ ಜಾತಿಯಲ್ಲಿ ಹೆಚ್ಚಿನವು ಮೊದಲು ಹೆಣ್ಣಾಗಿದ್ದು, ದೊಡ್ಡದಾದ ಮೇಲೆ ಗಂಡಾಗುವುವು. ದೊಡ್ಡ ಮೀನುಗಳನ್ನೆಲ್ಲ ಹಿಡಿದುಬಿಟ್ಟರೆ, ಬೀಜದ ಹೋರಿಯನ್ನು ಮಾರಿದ ಊರಿನಂತೆ, ಸಂತಾನವೇ ಕ್ಷೀಣಿಸುವುದು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಯನ್ನು ನಿಷೇಧಿಸಿರುವುದೂ ಮೀನಿನ ಬೀಜವನ್ನು ಉಳಿಸುವುದಕ್ಕಾಗಿಯೇ.

ಮುಳುಗುವವರು ತಿಳಿಯತಕ್ಕದ್ದು

ಮುಳುಗುವವರು ಗಾಳಿಯನ್ನು ಒತ್ತಿ ತುಂಬಿದ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಯುವರು. 10 ಮೀಟರು ಆಳದಲ್ಲಿ ಒತ್ತಡವು ಮೇಲಿನದರ ಎರಡರಷ್ಟಾಗುವುದು. ಉಸಿರು ಬಿಗಿಹಿಡಿದು ಮೇಲಕ್ಕೆ ಬಂದರೆ ಒಳಗಿನ ಗಾಳಿಯು ಹಿಗ್ಗಿ ಶ್ವಾಸಕೋಶಗಳು ಹರಿಯುವ ಅಪಾಯವಿದೆ. ಆದಕಾರಣ ತರಬೇತಾದವರ ಸಂಗಡವಲ್ಲದೆ ಯಾರೂ ಇಳಿಯಕೂಡದು. ಹವಳವನ್ನು ಮುಟ್ಟುವುದಾಗಲಿ, ಅದರ ಮೇಲೆ ನಿಲ್ಲುವುದಾಗಲಿ, ಮುರಿದು ತರುವುದಾಗಲಿ ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಒಂದನೆಯ ಅನುಸೂಚಿಗೆ 2001ರಲ್ಲಿ ಹವಳಗಳನ್ನು ಸೇರಿಸಿರುವುದರಿಂದ, ಅವುಗಳನ್ನು ಕೀಳುವುದೂ ಮಾರುವುದೂ ಅಪರಾಧ.

ಜಮೀನಿಗೂ ಕಡಲಿಗೂ ಇರುವ ಸಂಬಂಧ

ಕಡಲಿನ ವಿಚಾರದಲ್ಲಿ ರೈತರಿಗೇನು ಕೆಲಸವೆಂದು ಕೆಲವರು ಕೇಳಬಹುದು. ಗದ್ದೆಯ ಮೇಲ್ಮಣ್ಣು ಹಳ್ಳಕ್ಕೂ, ಹಳ್ಳದಿಂದ ಹೊಳೆಗೂ, ಹೊಳೆಯಿಂದ ಕಡಲಿಗೂ ಸೇರುವುದು. ರೈತನಿಗೆ ಇದು ನಷ್ಟ. ಕಡಲಿನಲ್ಲಿ ಇದೇ ಮಣ್ಣು ಬಿಸಿಲನ್ನು ತಡೆದು ಹವಳವನ್ನು ಮುಚ್ಚುವುದು. ಕೊಚ್ಚಿಹೋದ ಗೊಬ್ಬರವು ಪಾಚಿಯನ್ನು ಬೆಳೆಸುವುದು. ಹೊಳೆಗಳ ಕೆಂಪು ನೀರು ಬೀಳುವ ದಡದ ಬಳಿಯಲ್ಲಿ ಹವಳವು ಸೊಂಪಾಗಿ ಬೆಳೆಯದಿರುವುದಕ್ಕೆ ಇದೂ ಒಂದು ಕಾರಣ. ನೇತ್ರಾಣಿಯ ಭಾಗ್ಯವೆಂದರೆ ಅದು ದೂರದಲ್ಲಿರುವುದು. ಆದರೂ ದೂರವೊಂದನ್ನೇ ನಂಬಿ ಸುಮ್ಮನಿರಲಾಗದು.

ಆದುದರಿಂದ ಕರಾವಳಿಯ ಗ್ರಾಮಗಳ ಮುಖಂಡರೂ ಜಮೀನುದಾರರೂ ಈ ಕೆಳಗಿನ ವಿಷಯಗಳನ್ನು ಗಮನಿಸತಕ್ಕದ್ದು:

(1) ಮಳೆಗೆ ಮುಂಚೆಯೇ ಬದುಗಳನ್ನು ಭದ್ರಪಡಿಸಿ, ಇಳಿಜಾರಿನಲ್ಲಿ ಅಡ್ಡಲಾಗಿ ಉಳುಮೆ ಮಾಡಿಸುವುದು.

(2) ಯೂರಿಯಾವನ್ನು ಒಮ್ಮೆಗೇ ಹಾಕದೆ ಕಂತುಗಳಲ್ಲಿ ಹಾಕುವುದು. ಜಡಿಮಳೆ ಬರುವ ಸೂಚನೆಯಿದ್ದಾಗ ಹಾಕದಿರುವುದು.

(3) ಅಳಿವೆಯ ಅಂಚಿನಲ್ಲೂ ಗಜನಿಯ ದಂಡೆಯಲ್ಲೂ ಇರುವ ಕಾಂಡ್ಲಾ ಗಿಡಗಳನ್ನು ಕಡಿಯಗೊಡದಿರುವುದು. ಅವು ಮಣ್ಣನ್ನು ತಡೆಯುವುವು. ಸಿಗಡಿಗೂ ಮೀನಿನ ಮರಿಗಳಿಗೂ ತೊಟ್ಟಿಲಾಗುವುವು.

(4) ಊರಿನ ಕಸವನ್ನೂ ಪ್ಲಾಸ್ಟಿಕ್ಕನ್ನೂ ಹಳ್ಳಕ್ಕೆ ಬಿಡದಿರುವುದು.

(5) ಹವಳದ ಮೇಲೆ ಲಂಗರು ಬಿಡದೆ, ಖಾಯಂ ಕಟ್ಟಿದ ತೇಲುಬುರುಡೆಗೆ ದೋಣಿ ಕಟ್ಟುವಂತೆ ದೋಣಿಯವರಿಗೆ ತಿಳಿಸಿ ಹೇಳುವುದು.

ಇವುಗಳಲ್ಲಿ ಮೊದಲಿನ ಎರಡು ಕೆಲಸಗಳು ರೈತನ ಸ್ವಂತ ಲಾಭಕ್ಕೇ ಆದವು. ಬದುವನ್ನು ಕಟ್ಟಿದವನು ತನ್ನ ಗದ್ದೆಯನ್ನು ಉಳಿಸಿಕೊಳ್ಳುವುದಲ್ಲದೆ, ತಾನು ಕಾಣದ ಕಡಲ ತಳದ ಬೆಳೆಯನ್ನೂ ಕಾಯ್ದಂತಾಗುವುದು.